ಹಳೇ ಆಂಪ್ಲಿಫೈಯರ್: ಕೆಪಾಸಿಟರ್, ಐಸಿ ನಾವೇ ಬದಲಾಯಿಸುವುದಾದರೆ ಎಲ್ಲಿಂದ ಶುರು?

ಅಘನಾಶಿನಿ_ದಡ (ಕುಮಟಾ)

ಎಲ್ಲರಿಗೂ ನಮಸ್ಕಾರ. ಅಪ್ಪನ ಕಾಲದ ಸ್ಟೀರಿಯೋ ಆಂಪ್ಲಿಫೈಯರ್ ಒಂದು, ಮರದ ಪೆಟ್ಟಿಗೆಯ ಸ್ಪೀಕರ್ ಜೋಡಿ, ಒಂದು ಕ್ಯಾಸೆಟ್ ಡೆಕ್ ಮನೆಯಲ್ಲಿ ಉಂಟು. ಹಳೇ ದೇಶೀ ಮಾಲು, ಒಳಗಿನ ಟ್ರಾನ್ಸ್‌ಫಾರ್ಮರ್ ಒಂದೇ ಸಾಕು ಸೊಂಟ ಹಿಡಿಸ್ಲಿಕ್ಕೆ. ಆನ್ ಮಾಡಿದ ಮೇಲೆ ಸ್ಪೀಕರಿನಲ್ಲಿ ಗುಂಯ್ ಅಂತ ಸದ್ದು. ವಾಲ್ಯೂಮ್ ಸೊನ್ನೆಗೆ ಇಳಿಸಿದ್ರೂ ಅಷ್ಟೇ, ಏರಿಸಿದ್ರೂ ಅಷ್ಟೇ. ಎಡಗಡೆ ಸ್ಪೀಕರ್ ಮೊದಲು ಸುಮ್ಮನಿರ್ತದೆ, ವಾಲ್ಯೂಮ್ ಜೋರು ಮಾಡಿದ್ರೆ ಟಕ್ ಅಂತ ಶುರುವಾಗ್ತದೆ, ಆಮೇಲೆ ಸಣ್ಣ ಮಾಡಿದ್ರೂ ನಡೀತದೆ. ವಾಲ್ಯೂಮ್ ತಿರುಗಿಸುವಾಗ ಕರಕರ.

ಯೂಟ್ಯೂಬ್ ನೋಡಿ ಒಂದು ಪಟ್ಟಿ ಮಾಡ್ಕೊಂಡಿದ್ದೇನೆ. ಬೋರ್ಡಿನ ಮೇಲಿನ ಕೆಪಾಸಿಟರ್ ಎಲ್ಲ ತೆಗೆದು ಜಪಾನಿ ‘ಆಡಿಯೋ ಗ್ರೇಡ್’ ಹಾಕುವುದು, ಪ್ರಿಆಂಪಿನ (ಸಣ್ಣ ಸಿಗ್ನಲ್ ಮೊದಲು ದೊಡ್ಡದು ಮಾಡುವ ಭಾಗ) 4558 ಐಸಿ ಕಿತ್ತು ಅದೇ ಕೆಲಸದ ಬೇರೆ ಐಸಿ, ಅಂದ್ರೆ ಬೇರೆ ಆಪ್-ಆಂಪ್, ಸ್ಪೀಕರ್ ಒಳಗೆ ದಪ್ಪ ವೈರ್. ಬೆಸುಗೆ ಹಾಕ್ಲಿಕ್ಕೆ ಬರ್ತದೆ, ಮಲ್ಟಿಮೀಟರ್ ಉಂಟು. ಕೇಳುವುದು ಹೆಚ್ಚಾಗಿ ಯಕ್ಷಗಾನ, ತಾಳಮದ್ದಳೆ ಕ್ಯಾಸೆಟ್. ಭಾಗವತ ಕಾಳಿಂಗ ನಾವಡರದ್ದು ರಾಶಿ ಉಂಟು. ಯಾವುದನ್ನು ಮೊದಲು ಮುಟ್ಟಲಿ?

ಚೆಂಡೆಪೆಟ್ಟು (ಹೊನ್ನಾವರ)

ಮೊದಲು ಮಳೆಗಾಲ ಮುಗೀಲಿ ಮಾರಾಯ್ರೆ. ಈಗ ಮುಚ್ಚಳ ತೆಗೆದಿಟ್ರೆ ಸಂಜೆಯೊಳಗೆ ಬೋರ್ಡ್ ಮೇಲೆ ಬೂಸು.

ಬೆಸುಗೆಕೋಲು (ಅಂಕೋಲಾ)

ಆ ಪಟ್ಟಿ ಸದ್ಯಕ್ಕೆ ಮಡಚಿ ಇಡಿ. ನೀವು ಹೇಳಿದ್ದೆಲ್ಲ ರಿಪೇರಿ ಕೆಲಸ, ಅಪ್‌ಗ್ರೇಡ್ ಅಲ್ಲ. ಸೆಟ್ಟು ಹೊಸತಿದ್ದಾಗ ಹೇಗಿತ್ತೋ ಆ ಮಟ್ಟಕ್ಕೆ ತಂದ ಮೇಲೇ ಅದಕ್ಕಿಂತ ಚಲೋ ಮಾಡುವ ಮಾತು. ಎರಡನ್ನೂ ಒಟ್ಟಿಗೆ ಮಾಡಿದ್ರೆ ಯಾವ ಬದಲಾವಣೆಯಿಂದ ಏನಾಯ್ತು ಅಂತ ಆಮೇಲೆ ದೇವರಿಗೂ ಗೊತ್ತಾಗುವುದಿಲ್ಲ.

ಎಡಗಡೆಯದ್ದು ಕೆಪಾಸಿಟರ್ ಕಥೆಯೇ ಅಲ್ಲ, ಸ್ಪೀಕರ್ ರಿಲೇ, ಅಂದ್ರೆ ಸ್ಪೀಕರನ್ನು ಆಂಪಿಗೆ ಜೋಡಿಸುವ ಒಳಗಿನ ಸ್ವಿಚ್ಚು. ಆನ್ ಮಾಡಿ ಎರಡು ಮೂರು ಸೆಕೆಂಡಿಗೆ ಒಳಗೆ ‘ಕ್ಲಿಕ್’ ಅಂತದಲ್ಲ, ಅದು. ಕಾಂಟ್ಯಾಕ್ಟ್ ಮೇಲೆ ಕಪ್ಪು ಪೊರೆ ಕಟ್ಟಿರ್ತದೆ. ಸಣ್ಣ ಸಿಗ್ನಲ್ ಆ ಪೊರೆ ದಾಟುವುದಿಲ್ಲ, ಜೋರು ಮಾಡಿದಾಗ ವೋಲ್ಟೇಜ್ ಏರಿ ಅದನ್ನು ಒಡೆದು ದಾರಿ ಮಾಡ್ಕೊಳ್ತದೆ. ಅದಕ್ಕೇ ನಿಮಗೆ ಆಮೇಲೆ ಸಣ್ಣ ಮಾಡಿದ್ರೂ ನಡೆಯುವುದು. ಸಮುದ್ರದ ಗಾಳಿ ತಾಗುವ ಮನೆಗಳಲ್ಲಿ ಇದು ಎಲ್ಲಕ್ಕಿಂತ ಮೊದಲು ಬರುವ ಕಾಯಿಲೆ. ಬೆಳಂಬಾರದಿಂದ ಬಂದ ಸೆಟ್ಟು ಬಿಚ್ಚಿದ್ರೆ ಕೆಪಾಸಿಟರ್ ಚಲೋ ಇರ್ತದೆ, ರಿಲೇ ಮತ್ತು ಹಿಂದಿನ ಸಾಕೆಟ್ ಹಸಿರು ಕಿಲುಬು ಹಿಡಿದು ಕೂತಿರ್ತದೆ. ಶಿರಸಿ ಕಡೆಯದ್ದಾದ್ರೆ ಕಿಲುಬು ಕಮ್ಮಿ, ಬೂಸು ಜಾಸ್ತಿ.

ರಿಲೇ ಮುಚ್ಚಳ ಬಿಚ್ಚುವ ಜಾತಿಯದ್ದಾದ್ರೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ದಪ್ಪ ಕಾಗದದ ಪಟ್ಟಿಯನ್ನು ಕಾಂಟ್ಯಾಕ್ಟ್ ನಡುವೆ ಇಟ್ಟು, ಬೆರಳಲ್ಲಿ ಮೆಲ್ಲಗೆ ಒತ್ತಿ ಎಳೀರಿ. ಕಾಗದ ಕಪ್ಪಾಗಿ ಬರ್ತದೆ, ಬಿಳೀ ಬರುವ ತನಕ ಎಳೀರಿ. ಸ್ಯಾಂಡ್‌ಪೇಪರ್ ಬೇಡ, ಮೇಲಿನ ಲೇಪ ತೆಳು, ಅದು ಹೋದ್ರೆ ಆರು ತಿಂಗಳಲ್ಲಿ ಮತ್ತೆ ಇದೇ ಪಾಡು. ಹೊಸ ರಿಲೇ ಹಾಕುವುದಾದ್ರೆ ಕಾಯಿಲ್ ವೋಲ್ಟೇಜ್ ಮತ್ತು ಕಾಲಿನ ಜೋಡಣೆ ಎರಡೂ ಹೊಂದಬೇಕು.

ಕರಕರಕ್ಕೆ ಕಂಟ್ರೋಲಿನ ಸಂದಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಈ ತುದಿಯಿಂದ ಆ ತುದಿಗೆ ತಿರುಗಿಸ್ತಾ ಇರಿ. ಬಾಗಿಲ ಕೀಲಿಗೆ ಹೊಡೆಯುವ ಡಬ್ಲ್ಯುಡಿ-40 ಮಾತ್ರ ಬೇಡವೇ ಬೇಡ. ಆ ದಿನ ಸದ್ದು ಹೋಗ್ತದೆ, ಉಳಿದ ಎಣ್ಣೆ ಪಸೆಗೆ ಧೂಳು ಕೂತು ಮುಂದಿನ ವರ್ಷ ಕಂಟ್ರೋಲನ್ನೇ ಎಸೆಯುವ ಹಾಗಾಗ್ತದೆ.

ಕಪ್ಪು_ಎರಡು (ಶಿರಸಿ)

ಗುಂಯ್ ಸದ್ದಿನ ಬಗ್ಗೆ ಯಾರೂ ಹೇಳಲಿಲ್ಲ. ಹಾರ್ಮೋನಿಯಂ ಇದ್ರೆ ಸ್ವರ ಹಿಡಿದು ನೋಡಿ. ಮಂದ್ರದ ಬಿಳಿ ಐದು (ಐದನೇ ಬಿಳಿ ಮನೆ) ಸುಮಾರು 98 ಹರ್ಟ್ಸ್. ಆಂಪ್ಲಿಫೈಯರಿನ ಗುಂಯ್ ಅದಕ್ಕಿಂತ ಒಂದೆಳೆ ಮೇಲೆ ನಿಂತ್ರೆ ಅದು 100 ಹರ್ಟ್ಸ್, ಅಂದ್ರೆ ಫಿಲ್ಟರ್ ಕೆಪಾಸಿಟರ್ ಸೋತಿದೆ. ನಮ್ಮ ಮನೆಯ ಸೆಟ್ಟಿನ ಗುಂಯ್‌ಗೆ ಶ್ರುತಿ ಕೂಡಿಸಿ ಹಾಡಬಹುದಿತ್ತು.

ಕೋಡಿಬಾಗ_ಕಡೆ (ಕಾರವಾರ)

ಅದನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ. ನಾನು ಡಿಪ್ಲೊಮಾ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಕಲಿಸುವವಳು. ನಮ್ಮ ಕರೆಂಟು 50 ಹರ್ಟ್ಸ್. ಬ್ರಿಡ್ಜ್ ಡಯೋಡ್ ದಾಟಿದ ಮೇಲೆ ಅಲೆಯ ಎರಡೂ ಮಗ್ಗುಲು ಒಂದೇ ಕಡೆ ಬರುವುದರಿಂದ ಏರಿಳಿತ ಸೆಕೆಂಡಿಗೆ 100 ಸಲ. ಅದನ್ನು ಸಮ ಮಾಡುವುದು ದೊಡ್ಡ ಫಿಲ್ಟರ್ ಕೆಪಾಸಿಟರ್. ಅದು ಒಣಗಿದ್ರೆ ಆ 100ರ ಏರಿಳಿತ ಸ್ಪೀಕರ್ ತನಕ ಬರ್ತದೆ. 50ರ ಗುಂಯ್ ಆದ್ರೆ ಅರ್ತ್ ಸುತ್ತು (ಎರಡು ಸೆಟ್ಟಿನ ಅರ್ತ್ ಎರಡು ದಾರಿಯಲ್ಲಿ ಕೂಡುವುದು), ಇಲ್ಲವಾದ್ರೆ ಟ್ರಾನ್ಸ್‌ಫಾರ್ಮರಿನ ಹತ್ತಿರ ಹಾದು ಹೋದ ಸಿಗ್ನಲ್ ವೈರ್.

ಆದ್ರೆ ಕಪ್ಪು_ಎರಡು ಅವರೇ, 50 ಮತ್ತು 100 ಒಂದೇ ಸ್ವರ, ಸ್ಥಾಯಿ ಮಾತ್ರ ಬೇರೆ. ಸ್ವರ ಹಿಡಿದ್ರೆ ಸಾಲದು. ಫೋನಿನಲ್ಲಿ ಸ್ಪೆಕ್ಟ್ರಮ್ ತೋರಿಸುವ ಆ್ಯಪ್ ಹಾಕಿ ಸ್ಪೀಕರ್ ಹತ್ತಿರ ಹಿಡಿದ್ರೆ ತಿಳೀತದೆ. ಅದಕ್ಕೂ ಮೊದಲು ಹಿಂದಿನ ಎಲ್ಲಾ ಪಿನ್ ತೆಗೆದು ಆಂಪ್ ಒಂದನ್ನೇ ಹಾಕಿ ನೋಡಿ. ಗುಂಯ್ ನಿಂತ್ರೆ ತಪ್ಪು ಆಂಪಿನದ್ದಲ್ಲ, ಡೆಕ್ ಮತ್ತು ಆಂಪ್ ನಡುವಿನ ಅರ್ತ್‌ದ್ದು. ಹಾಗಂತ ಪ್ಲಗ್ಗಿನ ಅರ್ತ್ ಪಿನ್ ಕಿತ್ತು ಕೂರಬೇಡಿ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಓಡಾಡುವವರು ನಾವು.

ಬಿಚ್ಚುವ ಮೊದಲು ಒಂದು ಸೀರೀಸ್ ಬೋರ್ಡ್ ಮಾಡಿಕೊಳ್ಳಿ. 100 ವ್ಯಾಟಿನ ಹಳೇ ತಂತಿ ಬಲ್ಬು, ಆಂಪಿನ ಫೇಸ್ ವೈರಿಗೆ ಸೀರೀಸ್. ಎಲ್‌ಇಡಿ ಬಲ್ಬ್ ಆಗುವುದಿಲ್ಲ. ಆನ್ ಮಾಡಿದಾಗ ಬಲ್ಬು ಒಮ್ಮೆ ಹೊತ್ತಿ ಮಂಕಾದ್ರೆ ಸರಿ, ಉರೀತಲೇ ಇದ್ರೆ ಒಳಗೆ ಶಾರ್ಟ್. ಬಲ್ಬು ಉಳಿದ ಕರೆಂಟನ್ನು ತಡೆದು ಟ್ರಾನ್ಸಿಸ್ಟರ್ ಸುಡುವುದನ್ನು ತಪ್ಪಿಸ್ತದೆ. ಇದೆಲ್ಲ ಮಾಡುವಾಗ ಸ್ಪೀಕರ್ ಜೋಡಿಸಿರಬಾರದು.

ಪ್ಲಗ್ ತೆಗೆದ ಮೇಲೂ ಫಿಲ್ಟರ್ ಕೆಪಾಸಿಟರಿನಲ್ಲಿ ಚಾರ್ಜ್ ಇರ್ತದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವುದು ಬೇಡ. 1 ಕಿಲೋಓಮ್, 5 ವ್ಯಾಟಿನ ರೆಸಿಸ್ಟರ್ ಕಾಲಿಗೆ ಸ್ಲೀವ್ ಹಾಕಿ ಕೆಪಾಸಿಟರಿನ ಎರಡು ಕಾಲಿಗೆ ಅರ್ಧ ನಿಮಿಷ ಹಿಡೀರಿ, ಮೀಟರಿನಲ್ಲಿ ನೋಡಿದ ಮೇಲೇ ಕೈ ಹಾಕಿ.

ಅಘನಾಶಿನಿ_ದಡ (ಕುಮಟಾ)

ಮೇಡಂ, ಬೆಸುಗೆಕೋಲಣ್ಣ, ಇಬ್ಬರಿಗೂ ಥ್ಯಾಂಕ್ಸ್. ನಿನ್ನೆ ಬಿಸಿಲು ಬಿತ್ತು, ಬಿಚ್ಚಿದೆ. ಹಿಂದಿನ ಗಾಳಿಕಂಡಿಯ ಒಳಮೈಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿ ಬಿಟ್ಟು ಹೋಗಿತ್ತು, ಅರ್ಧ ಕಂಡಿ ಮುಚ್ಚಿತ್ತು. ಹೀಟ್‌ಸಿಂಕ್ ಸಂದಿಯಲ್ಲಿ ಹಲ್ಲಿ ಮೊಟ್ಟೆಯ ಚಿಪ್ಪು. ರಿಲೇಯಲ್ಲಿ ಕಾಗದ ಎಳೆದ್ರೆ ಮಸಿ ಬಂತು. ಎಡಗಡೆ ಈಗ ಸಣ್ಣ ವಾಲ್ಯೂಮಿನಲ್ಲೇ ಹಾಡ್ತದೆ!

ಪಿನ್ ಎಲ್ಲ ತೆಗೆದ್ರೂ ಗುಂಯ್ ಇದೆ. ಆ್ಯಪ್‌ನಲ್ಲಿ 100ಕ್ಕೆ ಉದ್ದ ಗೆರೆ, 200ಕ್ಕೆ ಗಿಡ್ಡ. ಫಿಲ್ಟರ್ ಎರಡೂ 4700 ಮೈಕ್ರೋಫ್ಯಾರಡ್, 50 ವೋಲ್ಟ್. ಒಂದರ ತಲೆ ಸ್ವಲ್ಪ ಉಬ್ಬಿದೆ. ಅವುಗಳ ಮೇಲೆ ಅಳೆದಾಗ 45 ವೋಲ್ಟ್ ಬಂತು, ಆಗ ಮನೆಯ ಕರೆಂಟು 232. ಇದಕ್ಕೆ 22,000 ಹಾಕಿದ್ರೆ ಬಾಸ್ ಗಟ್ಟಿ ಬರ್ತದೆ ಅಂತ ಒಬ್ಬರು ಹೇಳಿದ್ರು, ಹೌದಾ?

ಕೋಡಿಬಾಗ_ಕಡೆ (ಕಾರವಾರ)

22,000 ಬೇಡ. ಆನ್ ಮಾಡಿದ ಕ್ಷಣ ಖಾಲಿ ಕೆಪಾಸಿಟರ್ ಶಾರ್ಟ್ ಇದ್ದ ಹಾಗೆ. ದೊಡ್ಡದಾದಷ್ಟೂ ಡಯೋಡ್, ಫ್ಯೂಸ್, ಸ್ವಿಚ್ಚಿನ ಕಾಂಟ್ಯಾಕ್ಟ್ ಎಲ್ಲದಕ್ಕೂ ಪೆಟ್ಟು. 6800 ಸಾಕು, ಟ್ರಾನ್ಸ್‌ಫಾರ್ಮರ್ ಕೊಡದ ಕರೆಂಟನ್ನು ಕೆಪಾಸಿಟರ್ ತಂದುಕೊಡುವುದಿಲ್ಲ.

ಮುಖ್ಯ ನೋಡಬೇಕಾದ್ದು ವೋಲ್ಟೇಜ್. ನಮ್ಮಲ್ಲಿ ಮನೆ ಕರೆಂಟು 230, ಶೇಕಡಾ 10 ಆಚೀಚೆ ಅನುಮತಿ ಉಂಟು, ಅಂದ್ರೆ 253 ತನಕ. 232ಕ್ಕೆ 45 ಬಂದ್ರೆ 253ಕ್ಕೆ 49 ದಾಟ್ತದೆ. 50 ವೋಲ್ಟಿನ ಕೆಪಾಸಿಟರಿಗೆ ಉಸಿರಾಡ್ಲಿಕ್ಕೆ ಜಾಗವೇ ಇಲ್ಲ. ಹಳೇ ಸೆಟ್ಟುಗಳನ್ನು 220 ಲೆಕ್ಕಕ್ಕೆ ಮಾಡಿದ್ದು, ತಯಾರಿಸಿದವರ ತಪ್ಪಲ್ಲ. ನೀವು 63 ವೋಲ್ಟಿನದ್ದು ಹಾಕಿ, ಈ ಸೆಟ್ಟಿನಲ್ಲಿ ನಿಜವಾದ ಅಪ್‌ಗ್ರೇಡ್ ಅಂದ್ರೆ ಇದೇ.

ಜತೆಗೆ 105 ಡಿಗ್ರಿಯದ್ದು ತಗೊಳ್ಳಿ. 105ರಲ್ಲಿ 2000 ತಾಸು ಅಂತ ಬರೆದಿದ್ರೆ, ಸುತ್ತಲಿನ ಬಿಸಿ 10 ಡಿಗ್ರಿ ಇಳಿದಂತೆಲ್ಲ ಆಯುಷ್ಯ ಹೆಚ್ಚುಕಮ್ಮಿ ಇಮ್ಮಡಿ ಅಂತ ಲೆಕ್ಕ. ಪೆಟ್ಟಿಗೆಯೊಳಗೆ 65 ಡಿಗ್ರಿ ಇದ್ರೆ 32,000 ತಾಸು, ದಿನಕ್ಕೆ ನಾಲ್ಕು ತಾಸು ಕೇಳಿದ್ರೂ ಇಪ್ಪತ್ತು ವರ್ಷ ಮೇಲೆ. ಅದೇ ಕಾರಣಕ್ಕೆ ಆ ಮಣ್ಣಿನ ಗೂಡು ತೆಗೆದದ್ದು ಕೆಪಾಸಿಟರ್ ಹಾಕಿದಷ್ಟೇ ದೊಡ್ಡ ಕೆಲಸ.

ಬೆಸುಗೆಕೋಲು (ಅಂಕೋಲಾ)

ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೇನೆ. ಕೊಳ್ಳುವಾಗ ನಕಲಿ ನೋಡಿ. ಆನ್‌ಲೈನಿನಲ್ಲಿ ಬಂಗಾರದ ಬಣ್ಣದ ಜಪಾನಿ ಹೆಸರಿನದ್ದು ಅರ್ಧ ಬೆಲೆಗೆ ಸಿಕ್ತು ಅಂತ ಒಬ್ಬರು ನನ್ನ ಹತ್ತಿರ ತಂದಿದ್ರು. ಸ್ಲೀವ್ ಸುಲಿದ್ರೆ ಒಳಗೆ ಕಿರುಬೆರಳಷ್ಟು ಬೇರೆ ಕೆಪಾಸಿಟರ್, ಸುತ್ತ ಕಾಗದ. ಪವರ್ ಟ್ರಾನ್ಸಿಸ್ಟರಿನಲ್ಲಿ ಇನ್ನೂ ಜಾಸ್ತಿ. 2ಎಸ್‌ಸಿ5200, 2ಎಸ್‌ಎ1943 ಜೋಡಿ ಅಂತ ಮೇಲೆ ಬರೆದಿರ್ತದೆ, ಒಳಗಿನ ಚಿಪ್ಪು ಸಾಸಿವೆಯಷ್ಟು, ವಾಲ್ಯೂಮ್ ಅರ್ಧಕ್ಕೆ ಬಂದ್ರೆ ಹೊಗೆ. ಜಪಾನಿದೇ ಬೇಕು ಅಂತಲೂ ಇಲ್ಲ. ಕಣ್ಣೂರಿನಲ್ಲಿ ಕೆಲ್ಟ್ರಾನಿನವರು ಮಾಡ್ತಾರೆ, ಫಿಲ್ಟರ್ ಜಾಗಕ್ಕೆ ಧಾರಾಳ ಸಾಕು. ಕೊಂಕಣ ರೈಲಿನಲ್ಲಿ ಕೂತ್ರೆ ನಮಗೆ ಬೆಂಗಳೂರಿಗಿಂತ ಹತ್ತಿರದ ಊರು.

ಹಾಕುವಾಗ ಮೈನಸ್ ಪಟ್ಟಿ ಎರಡೆರಡು ಸಲ ನೋಡಿ. ಇಂಥ ಆಂಪಿನಲ್ಲಿ ಪ್ಲಸ್ ಸಪ್ಲೈ ಒಂದು, ಮೈನಸ್ ಸಪ್ಲೈ ಒಂದು. ಹಾಗಾಗಿ ಪಕ್ಕಪಕ್ಕದ ಕೆಪಾಸಿಟರ್ ಎರಡೂ ಒಂದೇ ಕಡೆ ಮುಖ ಮಾಡಿರಬೇಕು ಅಂತಿಲ್ಲ. ಹಳೇದು ಕೀಳುವ ಮೊದಲು ಫೋಟೋ ತೆಗೆದಿಡಿ. ಉಲ್ಟಾ ಹಾಕಿದ್ರೆ ತಲೆ ಹಾರಿ ಒಳಗಿನ ರಸ ಮನೆಯೆಲ್ಲ ಎರಚ್ತದೆ. ಹಳೇ ಬೋರ್ಡಿನ ತಾಮ್ರದ ಪ್ಯಾಟರ್ನ್ ಬಿಸಿಗೆ ಎದ್ದು ಬರ್ತದೆ, ಕೋಲು ಒತ್ತಿ ಹಿಡಿಯಬೇಡಿ. ಹಳೇ ಬೆಸುಗೆಯ ಮೇಲೆ ಮೊದಲು ಚೂರು ಹೊಸ ಲೆಡ್ (ಬೆಸುಗೆ ತಂತಿ) ಹಾಕಿ ಕರಗಿಸಿ, ಆಮೇಲೆ ಪಂಪಿನಲ್ಲಿ ಎಳೀರಿ. 63/37 (ತವರ-ಸೀಸ) ಲೆಡ್ 183 ಡಿಗ್ರಿಗೇ ಕರಗ್ತದೆ, ಹಳೇದನ್ನೂ ಜತೆಗೆ ಕರಗಿಸ್ಕೊಂಡು ಬರ್ತದೆ.

ಮುಗಿದ ಮೇಲೆ ಸ್ಪೀಕರ್ ಟರ್ಮಿನಲ್ಲಿನಲ್ಲಿ ಡಿಸಿ (ಏಕಮುಖ ವೋಲ್ಟೇಜ್) ಅಳೀರಿ. 50 ಮಿಲಿವೋಲ್ಟ್ ಒಳಗಿದ್ರೆ ಸ್ಪೀಕರ್ ಹಾಕಿ. ವೋಲ್ಟ್ ಲೆಕ್ಕದಲ್ಲಿ ಬಂದ್ರೆ ಹಾಕ್ಲೇಬೇಡಿ, ಸ್ಪೀಕರ್ ಒಳಗಿನ ತಂತಿಸುರುಳಿ (ವಾಯ್ಸ್ ಕಾಯಿಲ್) ಸುಡ್ತದೆ.

ಸಣ್ಣಸ್ವರ (ಯಲ್ಲಾಪುರ)

ನೀವೆಲ್ಲ ಲೆಕ್ಕದ ಜನ. ಕಿವಿಯ ಮಾತು ನಾನು ಹೇಳ್ತೇನೆ. ನನ್ನ ಸೆಟ್ಟಿನಲ್ಲಿ 4558 ತೆಗೆದು ಎನ್‌ಇ5532 ಹಾಕಿದ ಮೇಲೆ ಪರದೆ ಸರಿದ ಹಾಗಾಯ್ತು. ಮದ್ದಳೆಯ ಒಂದೊಂದು ಬೆರಳು ಬೇರೆ ಬೇರೆ. ಕೆಪಾಸಿಟರ್ ಮಾತ್ರ ನೂರು ತಾಸು ಓಡಿದ ಮೇಲೇ ಪಳಗುವುದು, ಮೊದಲ ದಿನ ಕೇಳಿ ತೀರ್ಪು ಕೊಡಬೇಡಿ.

ಚೆಂಡೆಪೆಟ್ಟು (ಹೊನ್ನಾವರ)

ನೂರು ತಾಸಲ್ಲಿ ಪಳಗುವುದು ನಮ್ಮ ಕಿವಿ.

ಬೆಸುಗೆಕೋಲು (ಅಂಕೋಲಾ)

ಸಣ್ಣಸ್ವರ ಭಟ್ರೆ, ಸಿಟ್ಟು ಮಾಡ್ಕೊಳ್ಬೇಡಿ. 5532 ಚಲೋ ಐಸಿ, ಅದರಲ್ಲಿ ಎರಡು ಮಾತಿಲ್ಲ. 4558ಕ್ಕಿಂತ ಗದ್ದಲ ಕಮ್ಮಿ, ವೇಗವೂ ಜಾಸ್ತಿ. ಆದ್ರೆ ಕಾಲು ಎಂಟೂ ಹೊಂದ್ತವೆ ಅಂದ ಮಾತ್ರಕ್ಕೆ ಎಲ್ಲ ಕಡೆ ಹಾಕ್ಲಿಕ್ಕೆ ಬರುವುದಿಲ್ಲ. ಒಂದು, ಅದು ಎಳೆಯುವ ಕರೆಂಟು 8 ಮಿಲಿಆಂಪ್ ಹತ್ತಿರ, 4558ರ ಎರಡು ಪಟ್ಟು ಮೇಲೆ. ರೆಸಿಸ್ಟರ್-ಝೀನರ್ (ವೋಲ್ಟೇಜ್ ಒಂದೇ ಮಟ್ಟಕ್ಕೆ ಹಿಡಿಯುವ ಡಯೋಡ್) ಇಟ್ಟು ಮಾಡಿದ ಹಳೇ ಸಪ್ಲೈಯಲ್ಲಿ ಇಂಥ ನಾಲ್ಕು ಐಸಿ ಹಾಕಿದ್ರೆ ವೋಲ್ಟೇಜ್ ಕುಸೀತದೆ. ಇನ್ನೊಂದು, ಇನ್‌ಪುಟ್ ಕಾಲಿನಲ್ಲಿ 200 ನ್ಯಾನೋಆಂಪ್ ಆಸುಪಾಸು ಹರೀತದೆ. ವಾಲ್ಯೂಮ್ ಕಂಟ್ರೋಲಿನ ನಡುಕಾಲು ಕೆಪಾಸಿಟರ್ ಇಲ್ಲದೆ ನೇರ ಐಸಿಗೆ ಹೋಗಿದ್ರೆ ಆ ಕರೆಂಟು ಕಂಟ್ರೋಲಿನಲ್ಲಿ ಹರಿದು, ತಿರುಗಿಸಿದಾಗಲೆಲ್ಲ ಕರಕರ. ಕ್ಲೀನರ್ ಹಾಕಿ ಕಳೆದ ಕಾಯಿಲೆಯನ್ನು ದುಡ್ಡು ಕೊಟ್ಟು ವಾಪಸ್ ತಂದ ಹಾಗೆ. ಆ ಜಾಗಕ್ಕೆ ಟಿಎಲ್072 ಮೇಲು, ಅದರ ಇನ್‌ಪುಟ್ಟಿನಲ್ಲಿ ಕರೆಂಟು ಹರಿಯುವುದೇ ಇಲ್ಲ ಅನ್ನಬಹುದು.

ಇನ್ನೂ ವೇಗದ ದುಬಾರಿ ಐಸಿ ಹಾಕುವವರು ಅದರ ಸಪ್ಲೈ ಕಾಲಿನ ಬುಡದಲ್ಲೇ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಹಾಕಬೇಕು. ಇಲ್ಲದಿದ್ರೆ ಕಿವಿಗೆ ಕೇಳದ ಮೇಲಿನ ಸ್ಥಾಯಿಯಲ್ಲಿ ಐಸಿ ಒಳಗೊಳಗೇ ಕೂಗ್ಲಿಕ್ಕೆ ಶುರು ಮಾಡ್ತದೆ, ಮುಟ್ಟಿದ್ರೆ ಬಿಸಿ. ಆ ಕೂಗಿನಿಂದ ಬರುವ ಒರಟನ್ನೇ ‘ಡೀಟೇಲ್’ ಅಂತ ಹೊಗಳಿದವರನ್ನು ನೋಡಿದ್ದೇನೆ. ಏನೇ ಮಾಡಿ, ಐಸಿಗೆ ಬೇಸ್ (ಐಸಿ ಸಿಕ್ಕಿಸಿ ತೆಗೆಯುವ ಸಾಕೆಟ್) ಹಾಕಿ ಮಾಡಿ, ಹಳೇದು ಎಸೆಯಬೇಡಿ.

ಸಣ್ಣಸ್ವರ (ಯಲ್ಲಾಪುರ)

ಸಿಟ್ಟೆಂತಕ್ಕೆ. ಆದ್ರೂ ನನಗೆ ಕೇಳಿದ್ದು ಸುಳ್ಳಾ?

ಕೋಡಿಬಾಗ_ಕಡೆ (ಕಾರವಾರ)

ಸುಳ್ಳಲ್ಲದಿರಬಹುದು. ಪರೀಕ್ಷೆ ಸುಲಭ. ಬೇಸ್ ಇದ್ರೆ ಮನೆಯವರೊಬ್ಬರು ನಿಮಗೆ ಹೇಳದೆ ಐಸಿ ಬದಲಿಸಲಿ, ಅಥವಾ ಬದಲಿಸಿದ ಹಾಗೆ ನಟಿಸಲಿ. ಪ್ರತಿ ಸಲ ಕರೆಂಟು ತೆಗೆದೇ ಮಾಡಬೇಕು. ಎರಡೂ ಸಲ ವಾಲ್ಯೂಮ್ ಒಂದೇ ಇರಬೇಕು, ಕೂದಲೆಳೆಯಷ್ಟು ಜೋರಿದ್ರೂ ಜೋರಿದ್ದದ್ದೇ ಚಲೋ ಅನ್ನಿಸ್ತದೆ. ನಡುವೆ ಹೊತ್ತು ಹೋಗ್ತದೆ, ಕಿವಿಯ ನೆನಪು ಅಷ್ಟು ಗಟ್ಟಿ ಅಲ್ಲ, ಆದ್ರೂ ಇದ್ದುದರಲ್ಲಿ ನ್ಯಾಯದ ದಾರಿ.

ನಾನು ಕೇಳುವ ಪ್ರಶ್ನೆ ಬೇರೆ. ನಾವಡರು ತೀರಿಕೊಂಡದ್ದು 1990ರಲ್ಲಿ. ಅಂದ್ರೆ ಆ ಕ್ಯಾಸೆಟ್‌ಗಳಲ್ಲಿರುವುದು ಮೂವತ್ತೈದು ವರ್ಷಕ್ಕೂ ಹಿಂದಿನ ಧ್ವನಿ, ಬಹಳಷ್ಟು ಆಟದ ರಾತ್ರಿ ಮೈಕಿನ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ಹಿಡಿದದ್ದು. ಟೇಪಿನ ಸ್ ಸ್ ಅನ್ನುವ ಸದ್ದು 4558ರ ಗದ್ದಲಕ್ಕಿಂತ ಎಷ್ಟೋ ಮೇಲೆ ಕೂತಿರ್ತದೆ. ಐಸಿ ಬದಲಿಸಿದ್ರೆ ಆ ಸ್ ಸ್ ಇನ್ನೂ ಸ್ಪಷ್ಟ ಕೇಳೀತು, ಅಷ್ಟೇ.

ಕಪ್ಪು_ಎರಡು (ಶಿರಸಿ)

ಹೌದು. ಡೆಕ್ಕನ್ನು ಮೊದಲು ನೋಡಿ. ಬೆಲ್ಟ್ ಕರಗಿ ಡಾಂಬರಾಗಿರ್ತದೆ, ಕೈಗೆ ತಾಗಿದ್ರೆ ಸೋಪಿಗೂ ಬಗ್ಗುವುದಿಲ್ಲ. ಟೇಪ್ ಓದುವ ಹೆಡ್ಡಿನ ಮೇಲೆ ಕಂದು ಪುಡಿ ಕೂತಿರ್ತದೆ, ಐಸೋಪ್ರೊಪೈಲಿನಲ್ಲಿ ಅದ್ದಿದ ಹತ್ತಿಯಲ್ಲಿ ಒರೆಸಿ.

ಆಮೇಲೆ ಅಜಿಮತ್ ಸ್ಕ್ರೂ, ಟೇಪಿಗೆ ಹೆಡ್ಡನ್ನು ನೆಟ್ಟಗೆ ನಿಲ್ಲಿಸುವಂಥದ್ದು. ಹೆಡ್ಡಿನ ಒಂದು ಬದಿಗೆ ಸ್ಪ್ರಿಂಗ್ ಇರುವ ಸಣ್ಣ ಸ್ಕ್ರೂ ಅದು. ಆಂಪಿನಲ್ಲಿ ಎಡ ಬಲ ಒಂದು ಮಾಡುವ ಮೋನೋ ಗುಂಡಿ ಒತ್ತಿ. ಪದ್ಯದ ನಡುವೆ ತಾಳ ಒಂದೇ ಕೇಳುವ ಜಾಗ ಹುಡುಕಿ, ಕಂಚಿನ ತಾಳದ ಪೆಟ್ಟಿನ ತುದಿ ಇದಕ್ಕೆ ಬಹಳ ಚಲೋ. ಸ್ಕ್ರೂವನ್ನು ಕೂದಲೆಳೆಯಷ್ಟು ಆಚೆ, ಈಚೆ ತಿರುಗಿಸಿ. ಒಂದು ಕಡೆ ತಾಳ ಮುಸುಕು ಹಾಕಿಕೊಂಡ ಹಾಗೆ ‘ತಪ್ಪ್’ ಅಂತದೆ, ಇನ್ನೊಂದು ಬಿಂದುವಿನಲ್ಲಿ ಥಟ್ಟನೆ ‘ಟ್ಣ್’ ಅಂತ ನಾದ ಬಿಚ್ಚಿಕೊಳ್ತದೆ. ಅದೇ ಜಾಗ. ರೆಕಾರ್ಡ್ ಮಾಡಿದ ಮೆಷಿನ್ ಬೇರೆ ಬೇರೆ ಇದ್ದದ್ದಕ್ಕೆ ಈ ಜಾಗ ಪ್ರತಿ ಕ್ಯಾಸೆಟ್ಟಿಗೂ ಬೇರೆ. ಸಾವಿರಗಟ್ಟಲೆ ಸುರಿದು ಕೆಪಾಸಿಟರ್ ಹಾಕಿದ್ರೂ ಇಷ್ಟು ವ್ಯತ್ಯಾಸ ಬಾರದು, ಇದಕ್ಕೆ ಬೇಕಾದ್ದು ಒಂದು ಪುಟ್ಟ ಸ್ಕ್ರೂಡ್ರೈವರ್. ಬೂಸು ಹಿಡಿದ ಕ್ಯಾಸೆಟ್ ಮಾತ್ರ ಹಾಕಬೇಡಿ, ಹೆಡ್ಡಿಗೂ ಬೂಸು, ಮುಂದಿನ ಕ್ಯಾಸೆಟ್ಟಿಗೂ ಬೂಸು.

ಅಘನಾಶಿನಿ_ದಡ (ಕುಮಟಾ)

6800, 63 ವೋಲ್ಟ್ ಹಾಕಿದೆ. ಗುಂಯ್ ಹೋಯ್ತು. ಕಿವಿ ಸ್ಪೀಕರಿಗೆ ಒತ್ತಿ ಹಿಡಿದ್ರೆ ಮಾತ್ರ ಒಂಚೂರು. ಡಿಸಿ ಎಡಕ್ಕೆ 14, ಬಲಕ್ಕೆ 22 ಮಿಲಿವೋಲ್ಟ್. ಐಸಿ ಮುಟ್ಟಲಿಲ್ಲ. ತಾಳದ ಜಾಗವೂ ಸಿಕ್ತು ಕಪ್ಪು_ಎರಡು ಹೆಗಡೇರೆ, ಅಮ್ಮ ಒಳಗಿಂದ ಬಂದು ಇದು ಯಾವ ಹೊಸ ಕ್ಯಾಸೆಟ್ ಅಂತ ಕೇಳಿದ್ಲು.

ಈಗ ಸ್ಪೀಕರ್. ಟ್ವೀಟರಿಗೆ (ತಾರ ಸ್ವರದ ಸಣ್ಣ ಸ್ಪೀಕರ್) ಹೋಗುವ ಕೆಪಾಸಿಟರ್ 4.7 ಮೈಕ್ರೋಫ್ಯಾರಡ್ ಬೈಪೋಲಾರ್ (ಪ್ಲಸ್ ಮೈನಸ್ ಭೇದ ಇಲ್ಲದ್ದು), ಹಳೇದು. ಪಾಲಿಪ್ರೊಪಿಲೀನ್ ಫಿಲ್ಮಿನದ್ದು ಹಾಕಲಾ? ಬಾಸ್ ಸ್ಪೀಕರಿನ ಸುತ್ತಲಿನ ಫೋಮ್ ಮುಟ್ಟಿದ್ರೆ ಪುಡಿಪುಡಿ ಉದುರ್ತದೆ.

ಬೆಸುಗೆಕೋಲು (ಅಂಕೋಲಾ)

ಟ್ವೀಟರಿಗೆ ಧಾರಾಳ ಹಾಕಿ. ಫಿಲ್ಮ್ ಕೆಪಾಸಿಟರ್ ಒಣಗುವುದಿಲ್ಲ, ನಮ್ಮ ಹವೆಗೆ ಹೇಳಿ ಮಾಡಿಸಿದ್ದು. ಗಾತ್ರ ದೊಡ್ಡದು, ಬೋರ್ಡಿಗೆ ಅಂಟು ಹಾಕಿ ಕಟ್ಟಿ. ಇಲ್ಲದಿದ್ರೆ ಬಾಸಿಗೆ ಅದೇ ಗಡಗಡ ಅಂತದೆ. ಹಳೇ ಬೈಪೋಲಾರಿಗೆ ಒಳಗೇ ಒಂದಿಷ್ಟು ರೆಸಿಸ್ಟೆನ್ಸ್ ಇರ್ತದೆ, ಸ್ಪೀಕರ್ ಮಾಡಿದವರು ಅದನ್ನೂ ಲೆಕ್ಕ ಹಿಡಿದೇ ಟ್ವೀಟರ್ ಹೊಂದಿಸಿರ್ತಾರೆ. ಹೊಸದರಲ್ಲಿ ಅದಿಲ್ಲ. ಸ, ಶ ಅಕ್ಷರ ಕಿವಿಗೆ ಚುಚ್ಚಿದ್ರೆ ಅರ್ಧದಿಂದ ಒಂದು ಓಮ್, 5 ವ್ಯಾಟಿನ ರೆಸಿಸ್ಟರ್ ಸೀರೀಸ್ ಹಾಕಿ ನೋಡಿ. ತಾಳಮದ್ದಳೆಯ ಅರ್ಥಗಾರಿಕೆ ಗಂಟೆಗಟ್ಟಲೆ ಕೇಳುವವರಿಗೆ ಈ ಚುಚ್ಚು ಬೇಗ ಗೊತ್ತಾಗ್ತದೆ. ದಪ್ಪ ವೈರಿನ ಆಸೆ ಬಿಡಿ. ಪೆಟ್ಟಿಗೆಯೊಳಗೆ ಎರಡಡಿ ವೈರಿನ ರೆಸಿಸ್ಟೆನ್ಸ್ ಲೆಕ್ಕಕ್ಕೇ ಬರುವುದಿಲ್ಲ. ತುದಿಯಲ್ಲಿ ಕಿಲುಬು ಇದ್ರೆ ಕತ್ತರಿಸಿ ಹೊಸತಾಗಿ ಬೆಸುಗೆ ಹಾಕಿ, ಸಾಕು.

ಚೆಂಡೆಪೆಟ್ಟು (ಹೊನ್ನಾವರ)

ಇಷ್ಟೆಲ್ಲ ಮಾಡಿದ ಮೇಲೆ ಮಳೆಗಾಲಕ್ಕೆ ಏನು ಮಾಡುವುದು? ನಮ್ಮನೆಯಲ್ಲಿ ಸೀರೆ ಕಪಾಟಿಗೆ ಝೀರೋ ಬಲ್ಬ್ ಹಾಕಿಡ್ತಿದ್ರು.

ಕೋಡಿಬಾಗ_ಕಡೆ (ಕಾರವಾರ)

ಅದೇ ಉಪಾಯ ಇದಕ್ಕೂ ನಡೀತದೆ. ಆಂಪ್ ಇಡುವ ಕಪಾಟಿಗೆ ಬಾಗಿಲಿದ್ರೆ ಮೂಲೆಯಲ್ಲಿ 15 ವ್ಯಾಟಿನ ತಂತಿ ಬಲ್ಬು, ಬಟ್ಟೆ ಕಾಗದ ತಾಗದ ಹಾಗೆ. ಗಾಳಿ ನಾಲ್ಕೈದು ಡಿಗ್ರಿ ಬೆಚ್ಚಗಾದ್ರೆ ತೇವ ಕೂರುವುದಿಲ್ಲ. ಗಾಳಿಕಂಡಿ ಇರುವ ಪೆಟ್ಟಿಗೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿದ್ರೆ ಎರಡು ದಿನದಲ್ಲಿ ತೇವ ಕುಡಿದು ಸುಮ್ಮನಾಗ್ತದೆ. ಕಂಡಿಗೆ ಒಳಗಿನಿಂದ ಸೊಳ್ಳೆಜಾಲರಿ ಅಂಟಿಸಿ, ಕುಂಬಾರ ಹುಳ ಬಾರದು. ಜಾಲರಿಗೆ ಧೂಳು ಕೂರ್ತದೆ, ಆಗಾಗ ಒರೆಸಬೇಕು. ಆರಿದ ಬೋರ್ಡಿಗೆ ಅಕ್ರಿಲಿಕ್ ಸ್ಪ್ರೇ ಹೊಡೆಯುವವರು ಕಂಟ್ರೋಲ್, ರಿಲೇ, ಸಾಕೆಟ್ ಟೇಪಿನಲ್ಲಿ ಮುಚ್ಚಿ ಹೊಡೀರಿ. ಸಿಡಿಲಿನ ದಿನ ಪ್ಲಗ್ ತೆಗೆದಿಡಿ, ಸ್ವಿಚ್ ಆಫ್ ಮಾಡಿದ್ರೆ ಸಾಲದು.

ಸಣ್ಣಸ್ವರ (ಯಲ್ಲಾಪುರ)

ಐಸಿ ಪರೀಕ್ಷೆ ಮಾಡಿದೆ ಮೇಡಂ. ಮಗಳು ಬದಲಿಸಿದ್ದು, ನಾನು ಬೆನ್ನು ಹಾಕಿ ಕೂತಿದ್ದೆ. ಸಿಡಿಯಲ್ಲಿ ಹೆಚ್ಚು ಸಲ ಸರಿ ಹೇಳಿದೆ, ಕ್ಯಾಸೆಟ್ಟಿನಲ್ಲಿ ಅಂದಾಜಿನ ಮೇಲೆ ಹೋಯ್ತು. 5532 ನಾನು ತೆಗೆಯುವುದಿಲ್ಲ, ಅದು ಬೇರೆ ಮಾತು.

ಬೆಸುಗೆಕೋಲು (ಅಂಕೋಲಾ)

ತೆಗೀಬೇಡಿ ಭಟ್ರೆ, ಇರಲಿ.

ಅಘನಾಶಿನಿಯವರೇ, ಫೋಮ್ ವಿಷಯ. ಅದು ನಮ್ಮ ತೇವಕ್ಕೆ ಹತ್ತು ಹದಿನೈದು ವರ್ಷಕ್ಕಿಂತ ಹೆಚ್ಚು ಬಾಳುವುದು ಅಪರೂಪ. ರಬ್ಬರಿನದ್ದು ಹೆಚ್ಚು ಬಾಳ್ತದೆ, ಆದ್ರೆ ಭಾರ, ಅದನ್ನು ಹಾಕಿದ್ರೆ ಬಾಸಿನ ಸ್ವಭಾವವೇ ಬದಲಾಗ್ತದೆ. ಹಾಗಾಗಿ ಫೋಮ್ ಇದ್ದಲ್ಲಿಗೆ ಫೋಮೇ ಹಾಕಿ. ನಾನು ಮುಂದಿನ ವಾರ ಕೆಲವು ರಿಂಗ್ ತರಿಸ್ತಾ ಇದ್ದೇನೆ, ನಿಮ್ಮದೂ ಸೇರಿಸಬಹುದು. ‘ಎಂಟು ಇಂಚು’ ಅಂತ ಹೇಳಿದ್ರೆ ಆಗುವುದಿಲ್ಲ. ಕೋನಿನ ಅಂಚಿನ ವ್ಯಾಸ, ಫೋಮಿನ ಹೊರ ಅಂಚು ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ ಕಳಿಸಿ. ಹಳೇ ಅಂಟು ಪೂರ್ತಿ ಕೆರೆದ ಮೇಲೆ ಅಳೀರಿ.